ಅಜ್ಜ ಹೊಡೆಸಿದ ನೀರಿನ ಸುರಂಗ ಕುಸಿದಿದೆ, ಬಿಡಿಸಿ ಟರ್ಬೈನ್ ಕೂರಿಸಬಹುದಾ?

ಕೆಳಗಿನಮನೆ_ಮಾಣಿ

ಊರು ಸಿರ್ಸಿ ತಾಲೂಕು, ದೇವಿಮನೆ ಘಟ್ಟದ ಕಡೆ. ತೋಟದ ತಲೆಗೆ ಒಂದು ಗುಡ್ಡ, ಅದರ ಬೆನ್ನಿಗೆ ಹಳ್ಳ. ಹಳ್ಳದ ನೀರು ತೋಟಕ್ಕೆ ಬರಲಿ ಅಂತ ನಮ್ಮಜ್ಜ ಗುಡ್ಡಕ್ಕೇ ಸುರಂಗ ಹೊಡೆಸಿದ್ದರು. ಹಾರೆ, ಪಿಕಾಸಿ, ಬುಟ್ಟಿಯಲ್ಲೇ ಆದ ಕೆಲಸ. ಉದ್ದ ಸುಮಾರು 70 ಮೀಟರ್, ಎತ್ತರ ನಾಲ್ಕು ಅಡಿ, ಅಗಲ ಮೂರಡಿ. ಬಗ್ಗಿಕೊಂಡೇ ಹೋಗಬೇಕು. ಅದರ ಬಾಯಿಂದ ಅಡಿಕೆ ದಂಬೆಯಲ್ಲಿ ನೀರು ಇಳಿದು ಬರುತ್ತಿದ್ದದ್ದು ನನಗೂ ನೆನಪಿದೆ.

2019ರ ಆಗಸ್ಟ್ ಮಳೆಯಲ್ಲಿ ನಡುವೆ ಎಲ್ಲೋ ಕುಸಿದು ಕಟ್ಟಿಕೊಂಡಿತು. ಈಗ ಕಿರುಬೆರಳು ಗಾತ್ರದ ನೀರು ಬರುತ್ತೆ, ಅಷ್ಟೆ. ತೋಟಕ್ಕೆ ಬೋರ್ ಇದೆ, ನೀರಿನ ತಾಪತ್ರಯ ಇಲ್ಲ. ನಮಗೆ ಬೇಕಾಗಿರುವುದು ಕರೆಂಟು. ಮಳೆಗಾಲದಲ್ಲಿ ಒಮ್ಮೆ ಲೈನ್ ಮೇಲೆ ಮರ ಬಿದ್ದರೆ ವಾರಗಟ್ಟಲೆ ಕತ್ತಲೆ, ಸೋಲಾರ್ ಅದೇ ಹೊತ್ತಿಗೆ ಕೈಕೊಡುತ್ತೆ. ಹಳ್ಳ ತುಂಬಿ ಹರಿಯುವುದೂ ಆಗಲೇ. ಸುರಂಗದ ಬಾಯಿಂದ ಕೆಳಗಿನ ತೋಟದವರೆಗೆ 32 ಮೀಟರ್ ಇಳಿತ ಸಿಗುತ್ತೆ. ಹಳ್ಳದಲ್ಲಿ ಜೂನ್‌ನಿಂದ ಡಿಸೆಂಬರ್‌ವರೆಗೆ ಸೆಕೆಂಡಿಗೆ 20 ಲೀಟರ್ ತೆಗೆದರೂ ಹಳ್ಳಕ್ಕೆ ಗೊತ್ತೇ ಆಗುವುದಿಲ್ಲ.

ಅಪ್ಪಯ್ಯ ಹೇಳುವುದು, ನಾಲ್ಕು ಆಳು ಸಿಕ್ಕರೆ ಮಣ್ಣು ತೆಗೆದು ಹಾಕಿದರೆ ಮುಗಿಯಿತು. ಆಯಿ ಹೇಳುವುದು, ಅದರೊಳಗೆ ಯಾರಾದರೂ ಕಾಲಿಟ್ಟರೆ ನಾನು ಊಟ ಬಿಡ್ತೇನೆ. ಗೊತ್ತಿದ್ದವರು ಹೇಳಿ.

ಬೇಡ್ತಿ_ತೀರ

ಆಯಿ ಹೇಳಿದ್ದು ಸರಿ. ಚರ್ಚೆ ಮುಗೀತು.

ಪೆಲ್ಟನ್_ಪ್ರಿಯ

ಇಷ್ಟು ಬೇಗ ಮುಗಿಸಬೇಡಿ ಮಾರಾಯ್ರೆ. ಮೊದಲು ಲೆಕ್ಕ ಹಾಕಿ. 20 ಲೀಟರ್ × 32 ಮೀಟರ್ × 9.81 ಅಂದರೆ 6,278 ವ್ಯಾಟ್. ಇದು ನೀರಿನಲ್ಲಿರುವ ಶಕ್ತಿ. ಟರ್ಬೈನ್, ಬೆಲ್ಟ್, ಜನರೇಟರ್, ಪೈಪಿನ ನಷ್ಟ ಎಲ್ಲ ಕಳೆದು ಅರ್ಧ ಕೈಗೆ ಬಂದರೂ 3 ಕಿಲೋವ್ಯಾಟ್. ದಿನಕ್ಕೆ 24 ಗಂಟೆ ತಿರುಗುತ್ತೆ, ಅಂದರೆ 72 ಯೂನಿಟ್. ಮನೆಗೆ ಬಳಸಿ ಮುಗಿಯುವುದಿಲ್ಲ. ನಮ್ಮ ಕಡೆ ಇದರ ಕಾಲು ಭಾಗದಲ್ಲಿ ಮನೆಯ ದೀಪ, ಮಿಕ್ಸರ್, ಫ್ರಿಜ್ ಎಲ್ಲ ನಡೆಸುವವರಿದ್ದಾರೆ. ಹಾಗಾಗಿ ಯೋಜನೆ ಹುಚ್ಚಲ್ಲ. ನೀರು ಸುರಂಗದ ಮೂಲಕವೇ ಬರಬೇಕಾ ಅನ್ನುವುದು ಬೇರೆ ಪ್ರಶ್ನೆ.

ಯಲ್ಲಾಪುರದಂವ

ಅಡ್ಡಿಲ್ಲೆ ಭಾವ, ಟರ್ಬೈನ್ ಹಾಕು. ಆದ್ರೆ ಒಳಗೆ ಹೋಗಡ.

ಕಲ್ಲುಮಾಸ್ತರ

ಮಾಣಿಯವರೇ, ಮೂರು ಪ್ರಶ್ನೆ. ಒಂದು, ಕುಸಿದ ಜಾಗದ ಮಣ್ಣಿನ ಬಣ್ಣ ಏನು? ಎರಡು, ಈಗ ಬರುತ್ತಿರುವ ಸಣ್ಣ ನೀರು ಜೋರು ಮಳೆಯ ಮರುದಿನ ತಿಳಿಯಾಗಿರುತ್ತಾ, ಕದಡಿರುತ್ತಾ? ಮೂರು, ಸುರಂಗದ ನೇರಕ್ಕೆ ಗುಡ್ಡದ ನೆತ್ತಿಯ ಮೇಲೆ ಎಂದಾದರೂ ಹೋಗಿ ನೋಡಿದ್ದೀರಾ?

ಕೆಳಗಿನಮನೆ_ಮಾಣಿ

ಬಾಯಿಂದ ಹದಿನೈದಿಪ್ಪತ್ತು ಮೀಟರ್ ಗಟ್ಟಿ ಕಪ್ಪು ಕಲ್ಲು ಸರ್, ಹಾರೆಯ ಗೀರು ಇನ್ನೂ ಕಾಣುತ್ತೆ. ಆಮೇಲೆ ಪದರ ಪದರ ಕಲ್ಲು, ಉಗುರಲ್ಲಿ ಕೆರೆದರೆ ಬರುತ್ತೆ. ಅದರಾಚೆ ಟಾರ್ಚ್ ಬಿಟ್ಟರೆ ಕಾಣುವುದು ಬಿಳಿ-ಗುಲಾಬಿ ಮಣ್ಣಿನ ರಾಶಿ. ನೀರು ಮಳೆ ಬಂದಾಗ ಹಾಲಿನ ಬಣ್ಣಕ್ಕೆ ತಿರುಗುತ್ತೆ. ಗುಡ್ಡದ ಮೇಲೆ ಹೋಗಿಲ್ಲ. ಭಾನುವಾರ ಹೋಗಿ ನೋಡ್ತೇನೆ.

ಕಲ್ಲುಮಾಸ್ತರ

ಬಿಳಿ-ಗುಲಾಬಿ ಮಣ್ಣು ಅಂದರೆ ಶೇಡಿ. ನಮ್ಮ ಜಿಲ್ಲೆಯ ಅರ್ಧ ಗುಡ್ಡಗಳ ಕತೆ ಇದೇ. ಮೇಲೆ ಚಿರೇಕಲ್ಲಿನ ಟೊಪ್ಪಿ, ನಡುವೆ ಶೇಡಿ, ತಳದಲ್ಲಿ ಗಟ್ಟಿ ಬಂಡೆ. ಬಂಡೆಯೊಳಗಿನ ಫೆಲ್ಡ್‌ಸ್ಪಾರ್ ಖನಿಜ ಲಕ್ಷಾಂತರ ವರ್ಷ ನೀರಿಗೆ ಕೊಳೆತು ಜೇಡಿಯಾಗುತ್ತೆ, ಆದರೆ ಹಳೆಯ ಬಂಡೆಯ ಪದರು, ಬಿರುಕು ಎಲ್ಲ ಹಾಗೇ ಉಳಿದಿರುತ್ತೆ. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತೆ, ಹಾರೆ ಹಾಕಿದವನಿಗೆ ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ ಅನ್ನಿಸುತ್ತೆ. ನೀರು ಕುಡಿದು ತುಂಬಿದ ಮೇಲೆ ದೋಸೆ ಹಿಟ್ಟು. ನಿಮ್ಮಜ್ಜ ಬೇಸಿಗೆಯಲ್ಲಿ ಹೊಡೆಸಿರುತ್ತಾರೆ, ಹಾಗಾಗಿಯೇ ಅಷ್ಟು ವರ್ಷ ನಿಂತಿದೆ.

ನೀರು ಹಾಲಿನ ಬಣ್ಣಕ್ಕೆ ತಿರುಗುವುದು ನನಗೆ ಹಿಡಿಸಲಿಲ್ಲ. ತಿಳಿ ನೀರು ಬಂದರೆ ಗುಡ್ಡ ಬಸಿಯುತ್ತಿದೆ ಅಂತ ಅರ್ಥ. ಕದಡಿ ಬಂದರೆ ಒಳಗಿನ ಮಣ್ಣನ್ನೂ ಹೊತ್ತು ತರುತ್ತಿದೆ, ಎಲ್ಲೋ ಪೊಳ್ಳು ಬೆಳೆಯುತ್ತಿದೆ.

ಕಾರವಾರ_ಕೋಡಿಬಾಗ

ಶೇಡಿ ಅಂದರೆ ಏನು ಅಂತ ಕೊಂಕಣ ರೈಲ್ವೆಯವರನ್ನು ಕೇಳಬೇಕು. ನಮ್ಮಿಂದ ಆಚೆ ಗೋವಾದ ಪೆರ್ನೆಮ್ ಸುರಂಗ ಇದೆಯಲ್ಲ, ಒಂದೂವರೆ ಕಿಲೋಮೀಟರ್ ಅಷ್ಟೇ. ಅದೇ ಲೈನಿನಲ್ಲಿ ಅದಕ್ಕೆ ನಾಲ್ಕು ಪಟ್ಟು ಉದ್ದದ ಕರ್ಬುಡೆ ಸುರಂಗ ಗಟ್ಟಿ ಬಂಡೆಯಲ್ಲಿ ಆಗಿಹೋಯಿತು, ಪೆರ್ನೆಮ್ ಮಾತ್ರ ಒದ್ದೆ ಜೇಡಿಯಲ್ಲಿ ಮತ್ತೆ ಮತ್ತೆ ಕುಸಿದು ಕುಸಿದು ಕೊನೆಯವರೆಗೂ ಕಾಡಿತು. 1998ರ ಜನವರಿಯಲ್ಲಿ ಇಡೀ ಲೈನ್ ಓಡಿತು. ಆಮೇಲಾದರೂ ಸುಮ್ಮನಾಯಿತಾ? 2020ರ ಆಗಸ್ಟಿನಲ್ಲಿ ಒಳಗೋಡೆ ಕುಸಿಯಿತು. 2024ರ ಜುಲೈನಲ್ಲಿ ಹಳಿಯ ಕೆಳಗಿಂದಲೇ ನೀರು, ಕೆಸರು ಉಕ್ಕಿ ರೈಲುಗಳನ್ನೆಲ್ಲ ಬೇರೆ ದಾರಿಗೆ ತಿರುಗಿಸಿದರು. ಆ ದಿನ ಮಡಗಾಂವ್‌ನಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ನಾನೂ ಒಬ್ಬ.

ಬೆಂಗಳೂರಲ್ಲಿ_ಸಿರ್ಸಿ

ಅದೇ ತಿಂಗಳು ಶಿರೂರು. ಜುಲೈ 16. ಆ ಗುಡ್ಡ ಬಿದ್ದ ಮೇಲೂ ನಮ್ಮ ಜಿಲ್ಲೆಯಲ್ಲಿ ಗುಡ್ಡ ಕೆರೆಯುವ ಮಾತು ಆಡುತ್ತೀರಲ್ಲ, ಧೈರ್ಯ ಮೆಚ್ಚಬೇಕು.

ಅಡಿಕೆ_ಅಕ್ಕ

ಶಿರೂರಲ್ಲಿ ಹೆದ್ದಾರಿಗೆ ಗುಡ್ಡದ ಬುಡ ಕಡಿದಿದ್ದರು, ಇಲ್ಲಿ ಸುರಂಗ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬೆಂಗಳೂರಲ್ಲಿ ಕೂತು ಘಟ್ಟದ ಬಗ್ಗೆ ಮರುಗುವುದು ಸುಲಭ, ಇಲ್ಲಿ ಆರು ದಿನ ಕರೆಂಟಿಲ್ಲದೆ ಮೊಬೈಲ್ ಚಾರ್ಜಿಗೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡುವವರು ನಾವು.

ಬೆಂಗಳೂರಲ್ಲಿ_ಸಿರ್ಸಿ

ಅಕ್ಕ, ನಮ್ಮ ಮನೆಯೂ ಅಲ್ಲೇ ಇದೆ. ಅಪ್ಪ ಅಮ್ಮ ಇರುವುದೂ ಅಲ್ಲೇ.

ಕಾಳಿದಂಡೆ_ನಿವೃತ್ತ

ನಾನು ಕಾಳಿ ಯೋಜನೆಯ ಕಾಲದಲ್ಲಿ ಅಂಬಿಕಾನಗರದ ಕಡೆ ಗುತ್ತಿಗೆದಾರರ ಕೈಕೆಳಗೆ ಸುರಂಗದ ಕೆಲಸದಲ್ಲಿದ್ದವನು. ಬೊಮ್ಮನಹಳ್ಳಿ ಕಡೆಯಿಂದ ನಾಗಝರಿ ವಿದ್ಯುತ್ ಕೇಂದ್ರಕ್ಕೆ ನೀರು ಹೋಗುವುದು ಗುಡ್ಡದ ಹೊಟ್ಟೆಯೊಳಗಿಂದ, ಎಷ್ಟೋ ಜನರಿಗೆ ಅದು ಗೊತ್ತೇ ಇಲ್ಲ. ಮೇಲೆ ಕಾಡು ನೋಡಿಕೊಂಡು ಹೋಗುತ್ತಾರೆ.

ಮಾಣಿ, ನಿಮ್ಮ ಅಪ್ಪಯ್ಯನಿಗೆ ಒಂದು ಮಾತು ಹೇಳಿ. ಕುಸಿದ ಸುರಂಗದಲ್ಲಿ ಮಣ್ಣಿನ ರಾಶಿಗಿಂತ ಹೆದರಬೇಕಾದದ್ದು ರಾಶಿಯ ಹಿಂದೆ ನಿಂತಿರುವ ನೀರಿಗೆ. ಆ ಕಡೆಯಿಂದ ಹಳ್ಳದ ನೀರು ಒಳಗೆ ಬರುತ್ತಲೇ ಇದೆ, ಈ ಕಡೆ ಕಿರುಬೆರಳಷ್ಟು ಮಾತ್ರ ಹೊರಬೀಳುತ್ತಿದೆ. ಉಳಿದದ್ದು ಎಲ್ಲಿ? 30 ಮೀಟರ್ ಉದ್ದ, ಮೂರಡಿ ಅಗಲ, ನಾಲ್ಕಡಿ ಎತ್ತರದ ಕೊಳವೆಯಲ್ಲಿ ನಿಂತಿದ್ದರೆ ಅದು ಮೂವತ್ತು ಸಾವಿರ ಲೀಟರಿಗೂ ಮೇಲೆ. ಮೂರು ಟ್ಯಾಂಕರ್ ನೀರು. ನಾಲ್ಕು ಆಳು ಬುಟ್ಟಿ ಹಿಡಿದು ಬಿರಡೆ ಬಿಚ್ಚಿದ ಹಾಗೆ ಮಣ್ಣು ತೆಗೆದರೆ ಅಷ್ಟೂ ಒಟ್ಟಿಗೆ ಎದೆಗೆ ಬರುತ್ತೆ. ನಾಲ್ಕಡಿ ಸುರಂಗದಲ್ಲಿ ತಿರುಗಿ ಓಡುವುದಕ್ಕೂ ಆಗುವುದಿಲ್ಲ.

ದೊಡ್ಡ ಕೆಲಸಗಳಲ್ಲಿ ಹೀಗೆ ಮಾಡುತ್ತಾರೆ. ಮೊದಲು ಆ ಕಡೆ ಬಾಯಿ ಕಟ್ಟಿ ನೀರು ಒಳಬರುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಈ ಕಡೆಯಿಂದ, ಸಾಕಷ್ಟು ದೂರದಲ್ಲಿ ನಿಂತು, ರಾಶಿಯೊಳಕ್ಕೆ ತೂತು ಹಾಕಿದ ಜಿಐ ಪೈಪನ್ನು ಸ್ವಲ್ಪ ಮೇಲ್ಮುಖವಾಗಿ ಹೊಡೆದು ಕೂರಿಸುತ್ತಾರೆ. ನೀರು ಪೈಪಿನಿಂದ ಬಸಿಯಲಿ. ದಿನವೂ ಬಕೆಟ್ ಹಿಡಿದು ಅಳೆಯುವುದು. ಕಮ್ಮಿಯಾಗುತ್ತಾ ಬಂದು ನಿಂತ ಮೇಲೆ ಮುಂದಿನ ಮಾತು. ಅವಸರದಲ್ಲಿ ಖಾಲಿ ಮಾಡುವುದೂ ತಪ್ಪು. ತುಂಬಿದ ಸುರಂಗಕ್ಕೆ ಒಳಗಿನ ನೀರೇ ಒಂದು ಆಸರೆ, ಹೊರಗಿನ ಗುಡ್ಡದ ನೀರಿನ ಒತ್ತಡವನ್ನು ಅದು ತಡೆದು ಹಿಡಿದಿರುತ್ತೆ. ಒಳಗೆ ಒಮ್ಮೆಲೇ ಬರಿದಾದರೆ ಹೊರಗಿನದ್ದು ಗೋಡೆಯನ್ನು ಒಳಕ್ಕೆ ನೂಕುತ್ತೆ. ವಿದ್ಯುತ್ ಕೇಂದ್ರಗಳ ಸುರಂಗವನ್ನು ತಪಾಸಣೆಗೆ ಖಾಲಿ ಮಾಡುವಾಗಲೂ ಗಂಟೆಗೆ ಇಷ್ಟೇ ಇಳಿಯಬೇಕು ಅಂತ ಮಿತಿ ಇರುತ್ತೆ.

ಹೊನ್ನಾವರ_ಮೀನ್‌ಸಾರು

ತೆಲಂಗಾಣದ ಶ್ರೀಶೈಲಂ ಎಡದಂಡೆ ಸುರಂಗದಲ್ಲಿ 2025ರ ಫೆಬ್ರವರಿಯಲ್ಲಿ ಇದೇ ಆದದ್ದು. ನೀರು ಕೆಸರು ಒಟ್ಟಿಗೆ ಬಂತು, ಎಂಟು ಜನ ಒಳಗೇ ಉಳಿದರು.

ಪುತ್ತೂರು_ಒರತೆ

ದಕ್ಷಿಣ ಕನ್ನಡ, ಕಾಸರಗೋಡಿನವರು ನಾವು ಸುರಂಗದ ನೀರನ್ನೇ ಕುಡಿದು ಬೆಳೆದವರು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡ ಅಗೆದು ನೀರು ತಂದು 2022ರಲ್ಲಿ ಪದ್ಮಶ್ರೀ ಪಡೆದರಲ್ಲ. ಎಲ್ಲ ಸುರಂಗವೂ ಕೊಲ್ಲುತ್ತೆ ಅನ್ನುವ ಹಾಗೆ ಬರೆಯಬೇಡಿ.

ಕಲ್ಲುಮಾಸ್ತರ

ಪುತ್ತೂರಿನವರೇ, ಒಪ್ಪಿದೆ. ಆದರೆ ನಿಮ್ಮ ಸುರಂಗ ಹೆಚ್ಚಾಗಿ ಚಿರೇಕಲ್ಲಿನಲ್ಲಿ, ನೀವು ಮುರಕಲ್ಲು ಅನ್ನುತ್ತೀರಿ. ಅದು ಗಾಳಿ ತಾಗಿದಷ್ಟೂ ಗಟ್ಟಿಯಾಗುವ ಕಲ್ಲು. ಅಲ್ಲದೆ ಅದು ಒರತೆಯ ಸುರಂಗ, ಒಂದೇ ಬಾಯಿ, ಗುಡ್ಡದೊಳಗಿನ ಜಿನುಗು ನೀರನ್ನು ಹೊರಗೆ ತರುತ್ತೆ, ಅಂದರೆ ಗುಡ್ಡವನ್ನು ಒಣಗಿಸುತ್ತೆ. ಮಾಣಿಯವರದ್ದು ಹಳ್ಳದ ನೀರನ್ನು ಗುಡ್ಡದೊಳಕ್ಕೆ ತರುವ ಸುರಂಗ. ಸೋರಿದರೆ ಗುಡ್ಡವನ್ನು ನೆನೆಸುತ್ತೆ. ಶೇಡಿಯ ವಿಷಯದಲ್ಲಿ ಈ ಎರಡಕ್ಕೂ ಆಕಾಶ ಭೂಮಿಯ ವ್ಯತ್ಯಾಸ.

ಯಲ್ಲಾಪುರದಂವ

ಯಂಗ್ಳ ಕಡೆ ಕಳಚೆ 2021ರಲ್ಲಿ ನೋಡಿದ್ದು ಸಾಕು. ಮಳೆಗಾಲದಲ್ಲಿ ಜಲ ಎದ್ದರೆ ಅಂಗಳದಲ್ಲೇ ನೀರು ಬುಸ್ ಅಂತು. ಊರಿಗೆ ಊರೇ ಜಾರಿದ ಮೇಲೆ ಯಾವ ಟರ್ಬೈನ್ ತಗಂಡು ಎಂತ ಮಾಡ್ತೆ?

ಪೆಲ್ಟನ್_ಪ್ರಿಯ

ಸರಿ, ಹೆದರಿಸಿದ್ದು ಸಾಕು. ಸುರಂಗ ಬಿಡಿಸಬೇಕು ಅಂತಲೇ ಆದರೆ ಹೇಗೆ ಅಂತ ಹೇಳಿ ನಿವೃತ್ತರೇ. ಜಗತ್ತಿನಲ್ಲಿ ಕುಸಿದ ಸುರಂಗವನ್ನು ಯಾರೂ ಸರಿ ಮಾಡಿಲ್ಲವಾ?

ಕಾಳಿದಂಡೆ_ನಿವೃತ್ತ

ಮಾಡಿದ್ದಾರೆ. ಶೇಡಿಯಂಥ ಜಾಗದಲ್ಲಿ ಮೊದಲು ಚಾವಣಿಗೆ ಮುಂದಕ್ಕೆ ಬಾಣದಂತೆ ಕಬ್ಬಿಣದ ಸರಳು ಹೊಡೆಯುತ್ತೇವೆ, ಫೋರ್‌ಪೋಲಿಂಗ್ ಅನ್ನುವುದು ಅದಕ್ಕೇ. ಆ ಸರಳುಗಳ ಕೆಳಗೆ ಒಂದೆರಡು ಅಡಿ ಮಣ್ಣು ತೆಗೆಯುವುದು, ಕೂಡಲೇ ಉಕ್ಕಿನ ಕಮಾನು ನಿಲ್ಲಿಸುವುದು, ಹಿಂದೆ ಹಲಗೆ ತುರುಕಿ ಸಿಮೆಂಟ್ ಹಾಲು ತುಂಬುವುದು. ಮತ್ತೆ ಸರಳು, ಮತ್ತೆ ಒಂದೆರಡು ಅಡಿ. ಗಟ್ಟಿ ಕಲ್ಲಿನ ಭಾಗಕ್ಕೆ ಜಾಲರಿ ಕಟ್ಟಿ ಒತ್ತಡದಿಂದ ಚಿಮ್ಮಿಸುವ ಕಾಂಕ್ರೀಟ್, ಅಂದರೆ ಶಾಟ್‌ಕ್ರೀಟ್ ಸಾಕು. ಹೇಳಿದಷ್ಟು ಸುಲಭ ಅಲ್ಲ. ಅದೂ ನಾಲ್ಕಡಿ ಎತ್ತರದಲ್ಲಿ ಈ ಯಾವ ಕೆಲಸವನ್ನೂ ನೆಟ್ಟಗೆ ಮಾಡಲಾಗುವುದಿಲ್ಲ, ಮೊದಲು ಅಗಲ ಮಾಡಬೇಕು. ಅಗಲ ಮಾಡಿದರೆ ಇನ್ನಷ್ಟು ಬೀಳುತ್ತೆ. ಇಲ್ಲೇ ಇರುವುದು ತೊಡಕು.

ಹಿಮಾಚಲದ ಪಾರ್ವತಿ ಜಲವಿದ್ಯುತ್ ಯೋಜನೆಯ ಎರಡನೇ ಹಂತದ ಸುರಂಗ 31 ಕಿಲೋಮೀಟರಿಗೂ ಉದ್ದ. ಕೊರೆಯುವ ಯಂತ್ರಕ್ಕೆ 2006ರಲ್ಲಿ ನೀರು, ಹೂಳು ನುಗ್ಗಿ ಸಿಕ್ಕಿಕೊಂಡಿತು. ಆ 800 ಮೆಗಾವ್ಯಾಟ್ ಕೇಂದ್ರ ಪೂರ್ತಿಯಾಗಿ ಶುರುವಾದದ್ದು 2025ರಲ್ಲಿ. ಸರ್ಕಾರದ ಹಣ, ನೂರಾರು ಇಂಜಿನಿಯರು ಇದ್ದೂ.

ಕಲ್ಲುಮಾಸ್ತರ

ಇನ್ನೊಂದು ಇದೆ, ಪಾಠದಲ್ಲಿ ಹುಡುಗರಿಗೆ ಹೇಳುತ್ತಿದ್ದೆ. ಸ್ಕಾಟ್ಲೆಂಡಿನ ಗ್ಲೆಂಡೋ ಜಲವಿದ್ಯುತ್ ಕೇಂದ್ರ. 100 ಮೆಗಾವ್ಯಾಟ್, ಸುರಂಗ ಸುಮಾರು 8 ಕಿಲೋಮೀಟರ್. ಬಂಡೆ ಚೆನ್ನಾಗಿದೆ ಅಂತ ಬಹುಭಾಗಕ್ಕೆ ಒಳಪದರ ಹಾಕಲೇ ಇಲ್ಲ. 2009ರ ಜೂನಿನಲ್ಲಿ ರಾಣಿಯೇ ಬಂದು ಉದ್ಘಾಟನೆ ಮಾಡಿದರು, ಆಗಸ್ಟ್ ಹೊತ್ತಿಗೆ ಒಳಗೆ ಸ್ತರಭಂಗದ, ಅಂದರೆ ಬಂಡೆ ಸೀಳಿ ಸರಿದ ಜಾಗದ ಹತ್ತಿರ ಕುಸಿದು ದಾರಿ ಕಟ್ಟಿತು. ಅವರು ಕುಸಿದ ರಾಶಿಯನ್ನು ಅಗೆಯಲು ಹೋಗಲಿಲ್ಲ. ಬದಿಯ ಗಟ್ಟಿ ಬಂಡೆಯಲ್ಲಿ ಹೊಸ ಬಳಸುದಾರಿ ಕೊರೆದು ರಾಶಿಯನ್ನು ಇದ್ದಲ್ಲೇ ಬಿಟ್ಟರು. ಮತ್ತೆ ಕರೆಂಟ್ ಬಂದದ್ದು 2012ರಲ್ಲಿ. ಖರ್ಚು ಯಾರದ್ದು ಅನ್ನುವ ಜಗಳ ಕೋರ್ಟಿನಲ್ಲಿ ಅದಕ್ಕಿಂತಲೂ ಉದ್ದ ನಡೆಯಿತು.

ಕೆನಡಾದ ಕೆಮಾನೊದಲ್ಲೂ ಹಾಗೇ. 1950ರ ದಶಕದ 16 ಕಿಲೋಮೀಟರ್ ಸುರಂಗ ಹಳತಾಗಿ ಕಲ್ಲು ಉದುರುತ್ತಿತ್ತು. ಅದರ ಪಕ್ಕದಲ್ಲೇ ಎರಡನೆಯದನ್ನು ಕೊರೆದು 2022ರಲ್ಲಿ ಮುಗಿಸಿದರು. ಕೆಟ್ಟ ಜಾಗವನ್ನು ಗೆಲ್ಲುವುದಕ್ಕಿಂತ ಬಳಸಿ ಹೋಗುವುದೇ ಅನುಭವಸ್ಥರ ದಾರಿ.

ಹೊನ್ನಾವರ_ಮೀನ್‌ಸಾರು

ಇದನ್ನೆಲ್ಲ ಓದಿ ಶರಾವತಿ ಕಣಿವೆಯ ಬಗ್ಗೆ ಯೋಚಿಸಿ. ತಲಕಳಲೆಗೂ ಗೇರುಸೊಪ್ಪೆಗೂ ನಡುವೆ ಗುಡ್ಡದೊಳಗೆ ಸುರಂಗ ಹೊಡೆದು 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಅಂತೆ, ಕೆಳಗಿನ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಬಿಟ್ಟು ಕರೆಂಟ್ ಮಾಡುವುದು. ಸಿಂಗಳೀಕಗಳ ಅಭಯಾರಣ್ಯ ಅದು. 70 ಮೀಟರಿಗೇ ಇಷ್ಟು ಭಯ ಇದ್ದರೆ ಅಲ್ಲಿ?

ಪೆಲ್ಟನ್_ಪ್ರಿಯ

ಅಲ್ಲಿಯದು ಬೇರೆ ಆಳ, ಬೇರೆ ಬಂಡೆ. ಶೇಡಿ ಇರುವುದು ಗುಡ್ಡದ ಮೈಯಲ್ಲಿ, ನೂರಾರು ಅಡಿ ಒಳಗಲ್ಲ. ಕಾಡು, ಸಿಂಗಳೀಕದ ಮಾತು ನ್ಯಾಯ. ಸುರಂಗದ ಭಯವನ್ನು ಅದಕ್ಕೆ ಸೇರಿಸಬೇಡಿ. ಗಾಳಿ, ಸೋಲಾರ್ ಕರೆಂಟನ್ನು ರಾತ್ರಿಗೆ ಉಳಿಸಿಕೊಳ್ಳಲು ದೇಶಕ್ಕೆ ಇಂಥದ್ದು ಬೇಕೇ ಬೇಕು.

ಹೊನ್ನಾವರ_ಮೀನ್‌ಸಾರು

ನೀರು ಮೇಲೆತ್ತಲು ತಿನ್ನುವ ಕರೆಂಟಿನಲ್ಲಿ ಕಾಲು ಭಾಗದ ಹತ್ತಿರ ವಾಪಸ್ ಬರುವುದೇ ಇಲ್ಲ. ದೇಶಕ್ಕೆ ಬೇಕು ಅಂತ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಕಟ್ಟಿದಿರಿ, ಕೈಗಾ ಕೊಟ್ಟಿರಿ, ನೌಕಾನೆಲೆ ಸೀಬರ್ಡ್‌ಗೆ ಜಾಗ ಬಿಟ್ಟಿರಿ. ಜಿಲ್ಲೆ ಕೊಟ್ಟು ಕೊಟ್ಟು ಸವೆದಿದೆ. ಇಷ್ಟೆಲ್ಲ ಕೊಟ್ಟ ಜಿಲ್ಲೆಯವ ಇಲ್ಲಿ ಕರೆಂಟಿಗೆ ಅಜ್ಜನ ಸುರಂಗ ಅಗೆಯಲು ಹೊರಟಿದ್ದಾನೆ, ನೋಡಿ.

ಬೇಡ್ತಿ_ತೀರ

ಇದಕ್ಕೆ ನೂರು ಲೈಕ್. ಬೇಡ್ತಿ ಅಣೆಕಟ್ಟನ್ನು 80ರ ದಶಕದಲ್ಲಿ ನಿಲ್ಲಿಸಿದ್ದೂ ನಮ್ಮ ಅಡಿಕೆ ಬೆಳೆಗಾರರೇ.

ಅಡಿಕೆ_ಅಕ್ಕ

ಶರಾವತಿಗೆ ಬೇರೆ ಎಳೆ ಶುರುಮಾಡಿ. ಮಾಣಿ, ಭಾನುವಾರ ಆಯಿತಲ್ಲ, ಗುಡ್ಡಕ್ಕೆ ಹೋಗಿದ್ಯಾ?

ಕೆಳಗಿನಮನೆ_ಮಾಣಿ

ಹೋಗಿದ್ದೆ ಅಕ್ಕ. ಉಂಬಳ ಹತ್ತಿಸಿಕೊಂಡು ಬಂದೆ. ಸುರಂಗದ ನೇರಕ್ಕೆ, ನಡು ಗುಡ್ಡಕ್ಕಿಂತ ಸ್ವಲ್ಪ ಆಚೆ, ಒಂದು ಗುಳಿ ಇದೆ. ಎಂಟು ಹತ್ತು ಅಡಿ ಅಗಲ, ಸೊಂಟದಷ್ಟು ಆಳ, ತರಗೆಲೆ ತುಂಬಿದೆ. ಅಂಚಿನಲ್ಲಿ ಒಂದು ನಂದಿ ಮರ ಗುಳಿಯ ಕಡೆಗೇ ವಾಲಿದೆ, ಬೇರು ಅರ್ಧ ಹೊರಗೆ. ಅಂಚಿನ ಮಣ್ಣಿನಲ್ಲಿ ಕೈ ಹೋಗುವಷ್ಟು ಬಿರುಕು, ಬಾಗಿದ ಗೆರೆಯಲ್ಲಿ. ಅಪ್ಪಯ್ಯ ಹಂದಿ ಒಕ್ಕಿದ್ದು ಅಂದರು.

ಕಲ್ಲುಮಾಸ್ತರ

ಹಂದಿ ಬಿರುಕು ಬಿಡಿಸುವುದಿಲ್ಲ. ಸುರಂಗದ ಚಾವಣಿ ಬಿದ್ದು, ಅದರ ಮೇಲಿನದ್ದು ಬಿದ್ದು, ಹೀಗೆ ಪೊಳ್ಳು ಮೇಲಕ್ಕೆ ಏರುತ್ತಾ ನೆಲದ ಮೈಗೆ ಬಂದಿದೆ. ಈಗ ಮಳೆನೀರು ಆ ಗುಳಿಯಿಂದ ನೇರ ಕೆಳಗೆ ಇಳಿಯುತ್ತೆ. ನೀವು ಕೆಳಗಿನಿಂದ ಒಂದು ಬುಟ್ಟಿ ಮಣ್ಣು ತೆಗೆದರೆ ಮೇಲಿಂದ ಎರಡು ಬುಟ್ಟಿ ಬರುತ್ತೆ, ನಂದಿ ಮರದ ಸಮೇತ.

ಸುರಂಗ ಬಿಡಿಸುವ ಮಾತು ಇಲ್ಲಿಗೆ ಬಿಡಿ. ಈ ವಾರ ಮಾಡಬೇಕಾದದ್ದು ಬೇರೆ. ಗುಳಿಯ ಸುತ್ತ ಮೇಲ್ಬದಿಗೆ ಒಂದು ಬಸಿಗಾಲುವೆ ಕಡಿದು ಮಳೆನೀರು ಆಚೆ ಹೋಗುವಂತೆ ಮಾಡಿ. ಗುಳಿಗೆ ಜೇಡಿ ತುಂಬಿ ಗುಮ್ಮಟದಂತೆ ಎತ್ತರಿಸಿ ಮೇಲೆ ತಾಡಪಾಲು ಹೊದಿಸಿ. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರ ಬರೆದಿಟ್ಟುಕೊಳ್ಳಿ, ಹೆಚ್ಚಾಗುತ್ತಿದೆಯಾ ಅಂತ ಗೊತ್ತಾಗಬೇಕು. ಹಳ್ಳದ ಕಡೆಯ ಬಾಯಿಯನ್ನು ಬೇಸಿಗೆಯಲ್ಲಿ ಕಲ್ಲು ಜೇಡಿ ಹಾಕಿ ಮುಚ್ಚಿ. ತೋಟದ ಕಡೆಯ ಬಾಯಿ ಮಾತ್ರ ಮುಚ್ಚಲೇಬೇಡಿ, ಗುಡ್ಡಕ್ಕೆ ಬಸಿಯಲು ಇರುವುದು ಅದೊಂದೇ ದಾರಿ. ನಿಮ್ಮ ಮನೆ ಆ ಬಾಯಿಯ ನೇರ ಕೆಳಗಿದೆಯಾ?

ಕೆಳಗಿನಮನೆ_ಮಾಣಿ

ಮನೆ ಬದಿಗಿದೆ. ನೇರ ಕೆಳಗೆ ಕೊಟ್ಟಿಗೆ.

ಕಲ್ಲುಮಾಸ್ತರ

ಮಳೆ ಜೋರಾದ ರಾತ್ರಿ ದನಗಳನ್ನು ಬೇರೆ ಕಡೆ ಕಟ್ಟಿ. ಒಮ್ಮೆಲೇ ನೀರು ಬರುವುದು ನಿಂತುಹೋದರೆ ಇನ್ನೂ ಎಚ್ಚರ. ಜಾಸ್ತಿ ಬಂದರೆ ಹೆದರುತ್ತೇವೆ, ನಿಂತಾಗ ಯಾರೂ ಗಮನಿಸುವುದಿಲ್ಲ.

ಬೇಡ್ತಿ_ತೀರ

ಮೊದಲನೇ ಕಾಮೆಂಟಿಗೇ ಹೇಳಿದ್ದೆ.

ಕೆಳಗಿನಮನೆ_ಮಾಣಿ

ಅಪ್ಪಯ್ಯನಿಗೆ ಇದನ್ನೆಲ್ಲ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಸ್ತರು ಹೇಳಿದ್ದು ಇರಬಹುದು" ಅಂದರು. ಆಯಿ ಗೆದ್ದಳು. ಆದರೂ ಕರೆಂಟಿನ ಆಸೆ ಬಿಟ್ಟಿಲ್ಲ. ಸುರಂಗ ಇಲ್ಲದೆ ನೀರು ಹೇಗೆ ತರುವುದು? ಗುಡ್ಡದ ಮೇಲೆ ಹತ್ತಿಸಿ ಸೈಫನ್ ಮಾಡಬಹುದು ಅಂತ ನಮ್ಮ ಭಾವ ಹೇಳ್ತಾನೆ.

ಪೆಲ್ಟನ್_ಪ್ರಿಯ

ಗುಡ್ಡದ ನೆತ್ತಿ ಹಳ್ಳದ ನೀರಿಗಿಂತ ಎಷ್ಟು ಎತ್ತರ?

ಕೆಳಗಿನಮನೆ_ಮಾಣಿ

20 ಮೀಟರ್ ಹತ್ತಿರ.

ಪೆಲ್ಟನ್_ಪ್ರಿಯ

ಹಾಗಾದರೆ ಭಾವನಿಗೆ ಹೇಳಿ, ಆಗುವುದಿಲ್ಲ. ಸೈಫನ್ನಿನಲ್ಲಿ ನೀರನ್ನು ಮೇಲಕ್ಕೆ ತಳ್ಳುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲೇ ಲೆಕ್ಕಕ್ಕೆ 10 ಮೀಟರ್, ನಮ್ಮ ಘಟ್ಟದ ಮೇಲೆ ಕೈಗೆ ಸಿಗುವುದು ಏಳು ಮೀಟರ್ ಇಟ್ಟುಕೊಳ್ಳಿ. ಪೈಪಿನಲ್ಲಿ ಗಾಳಿ ಕಟ್ಟಿ ಅದೂ ದಿನಕ್ಕೊಮ್ಮೆ ನಿಲ್ಲುತ್ತೆ.

ಗುಡ್ಡದ ಸೊಂಟ ಸುತ್ತಿ ಸಮಮಟ್ಟದಲ್ಲಿ ಪೈಪ್ ತನ್ನಿ. ಎಷ್ಟು ಉದ್ದ ಆಗುತ್ತೆ?

ಕೆಳಗಿನಮನೆ_ಮಾಣಿ

400 ಮೀಟರ್ ಆದೀತು. 4 ಇಂಚಿನ ಪ್ಲಾಸ್ಟಿಕ್ ಪೈಪ್, ಎಚ್‌ಡಿಪಿಇ ಸಾಕಲ್ಲ? ಮನೆಯಲ್ಲಿ ಒಂದು ಸುರುಳಿ ಬಿದ್ದಿದೆ.

ಪೆಲ್ಟನ್_ಪ್ರಿಯ

ಸಾಕಾಗುವುದಿಲ್ಲ! ಎಲ್ಲರೂ ಎಡವುವುದು ಇಲ್ಲೇ. 4 ಇಂಚಿನಲ್ಲಿ ಸೆಕೆಂಡಿಗೆ 20 ಲೀಟರ್ ನೂಕಿದರೆ ತಿಕ್ಕಾಟಕ್ಕೇ ಪ್ರತಿ 100 ಮೀಟರಿಗೆ 5 ಮೀಟರ್ ಮೇಲೆ ಎತ್ತರ ಹೋಗುತ್ತೆ. 400 ಮೀಟರಿಗೆ 20 ಮೀಟರ್ ಗುಳುಂ, ನಿಮ್ಮ 32ರಲ್ಲಿ ಉಳಿಯುವುದೇನು? 160 ಮಿಲಿಮೀಟರ್ ಪೈಪ್ ಹಾಕಿದರೆ 100 ಮೀಟರಿಗೆ ಒಂದು ಮೀಟರಿಗಿಂತ ಕಮ್ಮಿ. ಪೈಪಿಗೆ ಜಿಪುಣತನ ಮಾಡಿ ಟರ್ಬೈನ್ ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಅಷ್ಟು ದುಡ್ಡಿಲ್ಲ ಅಂದರೆ ನೀರು ಕಮ್ಮಿ ತನ್ನಿ. 4 ಇಂಚಿನಲ್ಲೇ 8 ಲೀಟರ್ ತಂದರೆ ನಷ್ಟ 4 ಮೀಟರಿನ ಆಸುಪಾಸು, ಕೈಗೆ ಒಂದು ಕಿಲೋವ್ಯಾಟ್ ಮೇಲೆ ಸಿಗುತ್ತೆ. ಮನೆಗೆ ಅದೇ ಧಾರಾಳ.

ಯಲ್ಲಾಪುರದಂವ

ಪೈಪ್ ಹಾಕ್ತೆ ಸರಿ, ಮಂಗ ಕಡೀತು, ಹಂದಿ ಕಡೀತು, ಬೆಂಕಿ ಬಿದ್ರೆ ಕರಗ್ತು. ನೆಲದಲ್ಲಿ ಹೂತುಬಿಡು.

ಬೆಂಗಳೂರಲ್ಲಿ_ಸಿರ್ಸಿ

ಆ 400 ಮೀಟರ್ ಯಾರ ಜಾಗ? ಸೊಪ್ಪಿನ ಬೆಟ್ಟವಾದರೆ ಸೊಪ್ಪು, ದರಕು ತರುವ ಹಕ್ಕಷ್ಟೇ ನಿಮ್ಮದು, ನೆಲ ಅರಣ್ಯ ಇಲಾಖೆಯದ್ದು. ಅಗೆದು ಹೂಳುವ ಮೊದಲು ಕಚೇರಿಗೆ ಹೋಗಿ ಬರಹದಲ್ಲಿ ಕೇಳಿ. 1980ರ ಅರಣ್ಯ ಕಾಯ್ದೆ ಸಣ್ಣದು ದೊಡ್ಡದು ಅಂತ ನೋಡುವುದಿಲ್ಲ.

ಅಡಿಕೆ_ಅಕ್ಕ

ಈಗ ಹೇಳಿದ್ದು ಉಪಯೋಗದ ಮಾತು 😄

ಪುತ್ತೂರು_ಒರತೆ

ಸುರಂಗದಿಂದ ದೂರ, ಗುಡ್ಡದ ಗಟ್ಟಿ ಕಲ್ಲಿರುವ ಕಡೆ ಅಡ್ಡ ಬೋರ್ ಹೊಡೆಸಿದರೆ? ನಮ್ಮಲ್ಲಿ ಈಗ ಸುರಂಗದ ಬದಲು ಅದೇ. ಒಳಗೆ ಮನುಷ್ಯ ಹೋಗುವುದೇ ಬೇಡ.

ಕಾಳಿದಂಡೆ_ನಿವೃತ್ತ

ಅಡ್ಡ ಬೋರಿನ ತೂತು ಎರಡೂವರೆ ಇಂಚು, ಒರತೆಗೆ ಸರಿ, ಟರ್ಬೈನಿಗೆ ಸಾಲದು. ಹೆದ್ದಾರಿ ಕೆಳಗೆ ಕೇಬಲ್, ಗ್ಯಾಸ್ ಪೈಪ್ ಎಳೆಯುತ್ತಾರಲ್ಲ, ಆ ಯಂತ್ರ ದೊಡ್ಡ ತೂತು ಮಾಡುತ್ತೆ. ಆದರೆ ಆ ಲಾರಿ ನಿಮ್ಮ ತೋಟದ ದಾರಿಯಲ್ಲಿ ಬರಬೇಕಲ್ಲ. 400 ಮೀಟರ್ ಪೈಪೇ ಅಗ್ಗ. ಬೇಕಾದಾಗ ಕಣ್ಣಿಗೆ ಕಾಣುತ್ತೆ, ಸೋರಿದರೆ ಗೊತ್ತಾಗುತ್ತೆ. ಗುಡ್ಡದೊಳಗಿನ ಸೋರಿಕೆ ಗೊತ್ತಾಗುವುದು ಗುಡ್ಡ ಜಾರಿದ ಮೇಲೆ.

ಮತ್ತೊಂದು ಮಾತು. ಹಳ್ಳದ ಕಡೆ ಬಾಯಿ ಮುಚ್ಚಲು ಹೋದಾಗಲೂ ಒಳಗೆ ತಲೆ ಹಾಕಬೇಡಿ. ವರ್ಷಗಟ್ಟಲೆ ಗಾಳಿಯಾಡದ ಜಾಗ, ಪ್ರಾಣವಾಯು ಇರುವುದಿಲ್ಲ. ಬಾವಿಗೆ ಇಳಿದು ಒಬ್ಬರ ಹಿಂದೆ ಒಬ್ಬರು ಸತ್ತ ಸುದ್ದಿ ಪ್ರತಿ ವರ್ಷ ಓದುತ್ತೇವೆ. ದೀಪ ಇಳಿಸಿ ನೋಡುವುದನ್ನೂ ನಂಬಬೇಡಿ, ದೀಪ ಉರಿಯುವ ಕಡೆಯೂ ವಿಷಗಾಳಿ ಇರಬಹುದು. ಹೊರಗೆ ನಿಂತೇ ಮುಚ್ಚಿ.

ಹೊನ್ನಾವರ_ಮೀನ್‌ಸಾರು

ಮತ್ತು ಕಾಳಿಂಗ. ಅಂಥ ತಂಪು ಜಾಗದಲ್ಲಿ ಇಲ್ಲದೆ ಇರುವುದಿಲ್ಲ.

ಕೆಳಗಿನಮನೆ_ಮಾಣಿ

ಆಯಿಗೆ ಕಾಳಿಂಗದ್ದು ಹೇಳುವುದಿಲ್ಲ. ನಿನ್ನೆ ಗುಳಿಯ ಮೇಲ್ಬದಿಗೆ ಬಸಿಗಾಲುವೆ ಕಡಿದಾಯಿತು, ಗೂಟ ಹೊಡೆದಾಯಿತು. ಅಂತರ 41 ಇಂಚು, ಬರೆದಿಟ್ಟಿದ್ದೇನೆ ಮಾಸ್ತರೇ. ಅರಣ್ಯ ಕಚೇರಿಗೆ ಸೋಮವಾರ ಅರ್ಜಿ ಕೊಡ್ತೇನೆ. 8 ಲೀಟರ್, ಇರುವ ಪೈಪನ್ನೇ ಹಾಕುವುದು ಅಂತ ತೀರ್ಮಾನ. ಪೆಲ್ಟನ್ ಸರ್, ರಾತ್ರಿ ಎಲ್ಲ ಮಲಗಿದ ಮೇಲೆ ಆ ಒಂದು ಕಿಲೋವ್ಯಾಟ್ ಏನು ಮಾಡುವುದು? ನೀರು ನಿಲ್ಲಿಸಬೇಕಾ?

ಪೆಲ್ಟನ್_ಪ್ರಿಯ

ಥಟ್ಟನೆ ವಾಲ್ವ್ ಮುಚ್ಚಬೇಡಿ, 400 ಮೀಟರ್ ಪೈಪಿನ ನೀರು ಗುದ್ದಿ ಜಾಯಿಂಟ್ ಒಡೆಯುತ್ತೆ. ಲೋಡ್ ಕಂಟ್ರೋಲರ್ ಹಾಕಿಸಿ. ಮನೆ ಬಳಸದೆ ಉಳಿದ ಕರೆಂಟನ್ನು ಅದು ತಾನಾಗಿ ಹೀಟರ್ ಕಾಯಿಲಿಗೆ ತಿರುಗಿಸುತ್ತೆ. ಇಲ್ಲದಿದ್ದರೆ ಟರ್ಬೈನ್ ಹುಚ್ಚು ವೇಗ ಹಿಡಿದು ಬಲ್ಬೆಲ್ಲ ಸುಡುತ್ತೆ. ಕಾಯಿಲನ್ನು ಬಚ್ಚಲ ಹಂಡೆಗೆ ಇಳಿಬಿಡಿ, ಬೆಳಿಗ್ಗೆ ಬಿಸಿನೀರು ಸಿದ್ಧ.

ಅಡಿಕೆ_ಅಕ್ಕ

ತಾಮ್ರದ ಹಂಡೆಗೆ ಕಾಯಿಲ್ ಬಿಡುವ ಮೊದಲು ಅರ್ಥಿಂಗ್ ಸರಿ ಇದೆಯಾ ನೋಡಿಕೋ ಮಾಣಿ. ನಮ್ಮನೇಲಿ ಅತ್ತೆಗೆ ಹೊಡೆದಿತ್ತು.

ಪೆಲ್ಟನ್_ಪ್ರಿಯ

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾನು ಬರೆಯಬೇಕಿತ್ತು. ಹಂಡೆಗಿಂತ ಬೇರೆ ಮುಚ್ಚಿದ ಟ್ಯಾಂಕಿಗೆ ಹಾಕಿಸುವುದೇ ಮೇಲು.

ಯಲ್ಲಾಪುರದಂವ

ಬೆಳತನಕ ಕಾದ ನೀರಿದ್ರೆ ಯಂಗ್ಳನ್ನೂ ಮೀಯಲೆ ಕರಿ ಭಾವ.